ಎಲೆಕೋಸಿನ ತಲೆ ಯಾರ ಪಾಲಿಗೆ

ಆತ್‌ಬಾಶಿ,
ಮಾರ್ಚ್ 2

ಮಗಳು ಅನಾರ್‌ಕುಲ್‌ಗೆ,

ನನ್ನ ಕೈಗೆ ಪೆನ್ನು ಹಿಡಿಸಿದ್ದಕ್ಕೆ ನಿನಗೆ ಏನು ಹೇಳಬೇಕೋ ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಬರೆದದ್ದು ಅಂದರೆ ನನ್ನ ಸಹಿ, ಅದೂ ಉಣ್ಣೆ ಮಾರಿ ಬರುವಾಗ. ಫೋನಿನಲ್ಲಿ ನಾಲ್ಕು ಮಾತಿಗೆ ಮುಗಿಯುವ ವಿಷಯ. ಅದಕ್ಕೆ ನೀನು, "ಫೋನಲ್ಲಿ ನೀನು ಕೂಗ್ತೀಯಮ್ಮ, ನಾನೂ ಕೂಗ್ತೀನಿ, ಆಮೇಲೆ ಇಬ್ರೂ ಇಟ್ಬಿಡ್ತೀವಿ, ಕಾಗದ ಬರಿ" ಅಂದೆ. ನಾನು ಕೂಗುವುದಿಲ್ಲ. ನನ್ನ ಗಂಟಲೇ ಹಾಗೆ. ಗುಡ್ಡದ ಮೇಲೆ ಕುರಿ ಬಿಟ್ಟುಕೊಂಡು ಕೂತ ನಿಮ್ಮಪ್ಪನನ್ನು ಊಟಕ್ಕೆ ಕರೆದೂ ಕರೆದೂ ಹೀಗಾಗಿದೆ. ಬರೆದು ಬರೆದು ಬೆರಳು ನೋಯುತ್ತಿದೆ, ಇನ್ನೂ ವಿಷಯಕ್ಕೇ ಬಂದಿಲ್ಲ.

ವಿಷಯ ಇಷ್ಟು. ನಿನ್ನ ಮಗಳು ಚಿನಾರ್ ತರಕಾರಿ ತಿನ್ನುತ್ತಿದ್ದಾಳೆ. ಎಲೆಕೋಸು, ಗಜ್ಜರಿ, ಸಿಹಿಗುಂಬಳ. ಒಂದು ದಿನ ಅಲ್ಲ, ಹದಿನೇಳು ದಿನದಿಂದ. ನಿನ್ನ ಅತ್ತೆ ಕುಲ್ಸುನ್ ಮೊನ್ನೆ ಬಂದು ಕಣ್ಣಾರೆ ನೋಡಿ ಹೋದರು. ಅವರು ನಿನಗೆ ಏನು ಹೇಳಿದ್ದಾರೋ ನನಗೆ ಗೊತ್ತಿಲ್ಲ. ನಾನು ಹೇಳುವುದನ್ನು ಓದು.

ಜನವರಿಯಲ್ಲಿ ನೀನು ಬಂದಾಗ ಮಗು ಕಚ್ಚಿದ ರೊಟ್ಟಿಯ ಮೇಲೆ ರಕ್ತ ಕಂಡು ಕಿರುಚಿಕೊಂಡೆಯಲ್ಲ, ಅದು ನನಗೆ ಮರೆತಿಲ್ಲ. ಊರಿನ ನರ್ಸ್ ಅವಳ ಬಾಯಿ ತೆಗೆಸಿ ನೋಡಿ, ವಸಡು ಕೆಟ್ಟಿದೆ, ಈ ಮಗು ಬರೀ ರೊಟ್ಟಿ, ಶಾವಿಗೆ, ಸಕ್ಕರೆ ಚಹಾದ ಮೇಲೆ ಬದುಕಿದೆ ಅಂದಳು. ನೀನು ಆಗ ನನ್ನ ಮುಖ ನೋಡಿದ ರೀತಿಯೂ ಮರೆತಿಲ್ಲ. ಮಾರ್ಚಿನ ನೂರುಜ್ ಹಬ್ಬದೊಳಗೆ ಸರಿಹೋಗದಿದ್ದರೆ ಬಿಷ್ಕೇಕಿಗೆ ಕರೆದುಕೊಂಡು ಹೋಗಿ ಅತ್ತೆಯ ಹತ್ತಿರ ಬಿಡುತ್ತೇನೆ ಅಂದೆ. ನಿನ್ನ ಹತ್ತಿರ ಅಲ್ಲ. ನೀನು ಹೊಲಿಗೆ ಕಾರ್ಖಾನೆಯ ಕೋಣೆಯಲ್ಲಿ ಎಂಟು ಹೆಂಗಸರ ಜೊತೆ ಮಲಗುತ್ತೀ. ನಿನ್ನ ಗಂಡ ವರ್ಷವಿಡೀ ಲಾರಿಯಲ್ಲಿರುತ್ತಾನೆ. ಅಲ್ಲಿಗೆ ಹೋದರೆ ಮಗು ಇರಬೇಕಾದದ್ದು ಐದನೇ ಮಹಡಿಯಲ್ಲಿ, ಕುಲ್ಸುನ್ ಮತ್ತು ಅವರ ಟಿವಿಯ ಜೊತೆ. ಇದನ್ನು ಕೇಳಿ ನಾನು ಕೂಗಿದ್ದು ನಿಜ. ಆ ದಿನ ಮಾತ್ರ.

ನೀನು ಹೋದ ಮೇಲೆ ನಾನು ಮಾಡಿದ್ದನ್ನೆಲ್ಲ ಬರೆಯುತ್ತೇನೆ, ಸುಮ್ಮನೆ ಕೂತಿರಲಿಲ್ಲ ಅಂತ ಗೊತ್ತಾಗಲಿ. ಚಳಿಗಾಲಕ್ಕೆ ಕಡಿದ ಮಾಂಸ ಆಗಲೇ ಮೂಳೆಗೆ ಬಂದಿತ್ತು. ನೆಲಗುಂಡಿಯಲ್ಲಿ ಗಜ್ಜರಿ, ಎಲೆಕೋಸು ಬೇಕಾದಷ್ಟಿತ್ತು. ಸಂತೆಯಲ್ಲಿ ಒಬ್ಬ ಉಜ್ಬೆಕ್ ವ್ಯಾಪಾರಿಗೆ ಎರಡು ಜೊತೆ ಉಣ್ಣೆ ಕಾಲುಚೀಲ ಕೊಟ್ಟು ಅರ್ಧ ಮೂಟೆ ಸಿಹಿಗುಂಬಳ ತಂದೆ. ಅವನು ಮೂರು ಜೊತೆ ಕೇಳಿದ. "ಮೂರನೆಯದನ್ನ ನಿನ್ನ ಹೆಂಡತಿ ಹೆಣೀಲಿ" ಅಂದೆ.

ಮೊದಲು ಗಜ್ಜರಿ ತುರಿದು, ಈರುಳ್ಳಿ ಮತ್ತು ಕೊಬ್ಬಿನ ಜೊತೆ ಕಲಸಿ, ಮಾಂತಿ ಕಡುಬಿನೊಳಗೆ ಮುಚ್ಚಿ ಆವಿಯಲ್ಲಿ ಬೇಯಿಸಿದೆ. ನಿನ್ನ ಮಗಳು ಒಂದೊಂದನ್ನೂ ಬೆರಳಲ್ಲಿ ಬಿಚ್ಚಿದಳು. ತೊರುಗಾರ್ತ್ ಗಡಿಯಲ್ಲಿ ಲಾರಿ ಬಿಚ್ಚಿಸಿ ನೋಡುತ್ತಾರಲ್ಲ, ಹಾಗೆ. ಗಜ್ಜರಿಯ ಎಳೆಗಳನ್ನು ಬಟ್ಟಲಿನ ಅಂಚಿನ ಮೇಲೆ ಸಾಲಾಗಿ ಒರಗಿಸಿಟ್ಟು ಕಡುಬಿನ ಹಿಟ್ಟು ಮಾತ್ರ ತಿಂದಳು. ಎರಡನೆಯ ಸಲ ಎಲೆಕೋಸನ್ನು ಬೇಯಿಸಿ, ಅರೆದು, ರೊಟ್ಟಿ ಹಿಟ್ಟಿಗೇ ನಾದಿದೆ. ಆ ರೊಟ್ಟಿಯನ್ನು ಅವಳು ಮೂಸಿ ಕೆಳಗಿಟ್ಟಳು. ನಾಯಿಗೆ ಹಾಕಿದೆ. ನಾಯಿಯೂ ನನ್ನ ಮುಖ ನೋಡಿತು. ಮೂರನೆಯ ಸಲ ಗದರಿಸಿದೆ. ಅವಳು ಬಾಯಿ ಬಿಗಿದು ಕೂತು, ತನ್ನ ಬಟ್ಟಲು ನೋಡಿದಳು, ನನ್ನ ಬಟ್ಟಲು ನೋಡಿದಳು, ಬಾಯಿ ಬಿಡಲಿಲ್ಲ. ಹಟ ಯಾರದ್ದು ಅಂತ ನಾನು ಬರೆಯುವುದಿಲ್ಲ.

ಇದರ ಮಧ್ಯೆ ನಿಮ್ಮಪ್ಪ. ಮಗುವಿನ ಎದುರಿಗೇ ಗಜ್ಜರಿಯನ್ನು ಎತ್ತಿ ಹಿಡಿದು, "ಇದೇನೇ ಬುರುಲ್, ನಾನೇನು ಕುರಿನಾ? ನನ್ನ ಪಾಲಿನ ಹುಲ್ಲನ್ನ ಕುರಿ ಆಗ್ಲೇ ತಿಂದಾಯ್ತಲ್ಲ" ಅಂದು ನಗುತ್ತಾರೆ. ಮಗುವೂ ನಗುತ್ತದೆ. ಮೂವತ್ತೊಂಬತ್ತು ವರ್ಷದಿಂದ ಅದೇ ತಮಾಷೆ. ಹೋದ ತಿಂಗಳ ಮಟ್ಟಿಗೆ ಆ ಮನುಷ್ಯನನ್ನು ನೆಲಗುಂಡಿಗೆ ಹಾಕಿ ಮುಚ್ಚಬೇಕು ಅನ್ನಿಸಿತ್ತು.

ಈಗ ಕೇಳು. ಫೆಬ್ರವರಿ ಹನ್ನೆರಡಕ್ಕೆ ಪಕ್ಕದ ಮನೆಯಲ್ಲಿ ತೊಟ್ಟಿಲ ಊಟ. ಕುರಿ ಕಡಿದರು. ವಯಸ್ಸು, ಸ್ಥಾನಕ್ಕೆ ತಕ್ಕ ಹಾಗೆ ಪಾಲು ಹಂಚಿದರು. ಹಿರಿಯ ಅಂತ ನಿಮ್ಮಪ್ಪನ ಮುಂದೆ ತಲೆ ಇಟ್ಟರು, ನನಗೆ ಹಿರಿಯ ಹೆಂಗಸರಿಗೆ ಸಲ್ಲುವ ಬಾಲದ ಬುಡದ ಮೂಳೆ ಬಂತು, ಕಿರಿಯ ಸೊಸೆಯಂದಿರವರೆಗೂ ಅವರವರ ಲೆಕ್ಕದ ಮೂಳೆ ಹೋಯಿತು. ಮನೆಗೆ ಬಂದು ಚಿನಾರ್ ಬೂಟು ಕೂಡ ಬಿಚ್ಚದೆ ಅಳಲು ಕೂತಳು.

"ತಾತಂಗೆ ತಲೆ ಕೊಟ್ರು. ನಿಂಗೆ ಮೂಳೆ ಕೊಟ್ರು. ನಂಗೆ ಮಾತ್ರ ಯಾರ್ಯಾರೋ ತಟ್ಟೆಯಿಂದ ಚೂರು. ನಾನು ಜನ ಅಲ್ವಾ?"

ನಾನೇನು ಹೇಳಲಿ, ಬೆಳೆದ ಮೇಲೆ ಕೊಡ್ತಾರೆ, ಮೂಗು ಒರೆಸ್ಕೋ ಅಂದೆ.

ಮರುದಿನ ನಮ್ಮ ಊಟಕ್ಕೆ ಮಾಂಸ ಇರಲಿಲ್ಲ. ಪಾತ್ರೆಯ ತಳಕ್ಕೆ ಎರಡು ಬೋಳು ಮೂಳೆ ಹಾಕಿ, ಮೇಲೆ ಗಜ್ಜರಿ, ಕುಂಬಳ, ಒಂದು ಪುಟ್ಟ ಎಲೆಕೋಸು, ಎಲ್ಲ ಇಡಿ ಇಡಿಯಾಗಿ ಒಟ್ಟಿ, ಮುಚ್ಚಿ ಬೇಯಿಸಿದೆ. ಹೆಚ್ಚುವ ತಾಳ್ಮೆಯೂ ಇರಲಿಲ್ಲ. ನಿಮ್ಮಪ್ಪ ಕೂತರು, ಮುಚ್ಚಳ ತೆಗೆದು ನೋಡಿದರು, ಮತ್ತೆ ಕುರಿಯ ತಮಾಷೆಗೆ ಬಾಯಿ ತೆರೆದರು. ನನಗೆ ಪಿತ್ತ ನೆತ್ತಿಗೇರಿತು. ಎಲ್ಲಕ್ಕಿಂತ ದಪ್ಪದ ಗಜ್ಜರಿಯನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಹಬ್ಬದ ಊಟದಲ್ಲಿ ಹೇಗೆ ಕೊಡುತ್ತಾರೋ ಹಾಗೇ ಬಗ್ಗಿ ಅವರ ಮುಂದಿಟ್ಟೆ. "ತಗೊಳ್ಳಿ ಹಿರಿಯರೇ, ನಿಮ್ಮ ಪಾಲಿನ ತೊಡೆ ಮೂಳೆ. ಕೊಟ್ಟ ಪಾಲನ್ನ ತಿನ್ನದೆ ಬಿಟ್ರೆ ಮನೆಗೆ ಅವಮಾನ ಮಾಡಿದ ಹಾಗೆ, ಗೊತ್ತಲ್ಲ?"

ನಾನು ಉಪಾಯ ಹೂಡಿದೆ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನಗೆ ನಿಜ ಬರೆಯುತ್ತೇನೆ, ಉಪಾಯ ಅಲ್ಲ, ಸಿಟ್ಟು. ಪಾಲು ಅಂದ ಮೇಲೆ ಬೇಡ ಅನ್ನುವ ಹಾಗಿಲ್ಲವಲ್ಲ. ನಿಮ್ಮಪ್ಪ ಗಜ್ಜರಿ ಕಡಿದರು.

ಚಿನಾರ್ ಮಂಡಿಯೂರಿ ಎದ್ದಳು. "ನಂಗೆ ಯಾವ್ದು?"

ಅಷ್ಟು ಹೊತ್ತಿಗೆ ನನಗೂ ಬುದ್ಧಿ ಬಂದಿತ್ತು. ಎಲೆಕೋಸನ್ನು ಇಡಿಯಾಗಿ ಅವಳ ಮುಂದಿಟ್ಟೆ. ಬೆಂದ ಎಲೆಕೋಸು, ದುಂಡಗೆ, ಬೆಳ್ಳಗೆ, ಹಬೆಯಾಡುತ್ತ, ನಿಜವಾಗಿಯೂ ಕುರಿಯ ತಲೆಯ ಹಾಗೇ ಕಾಣುತ್ತಿತ್ತು. "ನಿಂಗೆ ತಲೆ" ಅಂದೆ.

ತಲೆ ಬಂದವರು ಏನು ಮಾಡಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು, ತಾತ ಮಾಡಿದ್ದನ್ನು ಹಿಂದಿನ ದಿನವೇ ಕಣ್ಣು ಮಿಟುಕಿಸದೆ ನೋಡಿದ್ದಳು. ಮೊದಲು ತಾನು ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಮುಖ ಹುಳ್ಳಗಾಯಿತು. ನುಂಗಿದಳು! ದೊಡ್ಡವರ ಮುಖ ಮಾಡಿಕೊಂಡು ನುಂಗಿದಳು. ಆಮೇಲೆ ಹೊರಗಿನ ಎಲೆ ಸುಲಿದು ತಾತನಿಗೆ ಕೊಟ್ಟು, "ಇದು ಕಿವಿ. ಅಜ್ಜಿ ಹೇಳಿದ್ದು ಕೇಳಿಸಲಿ ಅಂತ" ಅಂದಳು. ನನ್ನ ಕಡೆ ತಿರುಗಿ, "ನಿಂಗೆ ನಾಲಿಗೆ ಕೊಡಲ್ಲ ಅಜ್ಜಿ, ನಿಂದು ಆಗ್ಲೇ ಉದ್ದ ಇದೆ. ನಿಂಗೆ ಕಣ್ಣು" ಅಂತ ಒಂದು ತುಂಡು ನನ್ನ ಬಟ್ಟಲಿಗೆ ಹಾಕಿದಳು. ನಿಮ್ಮಪ್ಪ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ನಾನು ಏನು ಮಾಡಿದೆ ಅನ್ನುವುದು ಇಲ್ಲಿ ಬೇಡ.

ಅಂದಿನಿಂದ ದಿನವೂ ಪಾಲು. ಗಜ್ಜರಿ ಕಾಲಿನ ಮೂಳೆ, ಕುಂಬಳದ ಹೋಳು ಬಾಲದ ಕೊಬ್ಬು, ಎಲೆಕೋಸು ತಲೆ. ಸಿಪ್ಪೆ, ದಂಟು ಯಾವುದೂ ಎಸೆಯುವುದಿಲ್ಲ, ಮರುದಿನದ ಶಾವಿಗೆಯ ಸಾರಿಗೆ. ಹತ್ತನೆಯ ದಿನಕ್ಕೆ ರೊಟ್ಟಿಯ ಮೇಲೆ ರಕ್ತ ಕಾಣುವುದು ನಿಂತಿತು.

ಇನ್ನು ಕುಲ್ಸುನ್ ಬಂದದ್ದು. ಫೆಬ್ರವರಿ ಇಪ್ಪತ್ತೆಂಟಕ್ಕೆ ವ್ಯಾನಿನಿಂದ ಇಳಿದರು. ಕೈಯಲ್ಲಿ ಬಾಳೆಹಣ್ಣಿನ ಚೀಲ, ಒಂದು ಟಾನಿಕ್ ಬಾಟಲಿ, ಜೊತೆಗೆ ಮಗುವಿಗೆ ಹೊಸ ಕೋಟು. ಕೋಟು ಯಾಕೆ ಅಂತ ನನಗೆ ಗೊತ್ತಾಯಿತು, ಹಬ್ಬದವರೆಗೂ ಕಾಯದೆ ಮಗುವನ್ನು ಕರೆದೊಯ್ಯಲು. ಕೂತು ಚಹಾ ಕುಡಿಯುವ ಮೊದಲೇ ಮಗುವಿನ ಕೆನ್ನೆ ಹಿಂಡಿ, "ಅಯ್ಯೋ ಬೀಗಿತ್ತಿ, ಹೊಟ್ಟೆಗೆ ಸಾಲ್ತಿಲ್ವಾ ಇದಕ್ಕೆ? ನಮ್ಮ ಕಡೆ ಬೆಕ್ಕೂ ಇದಕ್ಕಿಂತ ದಪ್ಪ ಇರತ್ತೆ" ಅಂದರು.

ಅತಿಥಿಗೆ ಅಂತ ಕಾದಿಟ್ಟ ಕೊನೆಯ ಮಾಂಸ ಬೇಯಿಸಿದ್ದೆ. ಪಕ್ಕದಲ್ಲಿ ತರಕಾರಿಯೂ ಇತ್ತು. ಆದರೆ ಆ ಬೆಕ್ಕಿನ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಬೀಗಿತ್ತಿಗೆ ಸಲ್ಲಬೇಕಾದ ಬಾಲದ ಬುಡದ ಮೂಳೆಯನ್ನು ಜೊತೆಗೆ ಊಟಕ್ಕೆ ಕೂತಿದ್ದ ವ್ಯಾನಿನ ಡ್ರೈವರ್ ಮುಂದಿಟ್ಟುಬಿಟ್ಟೆ. ಅವನಿಗೆ ಕೊಡಬೇಕಾದ ಮುಂಗಾಲಿನ ಮೂಳೆ ಕುಲ್ಸುನ್ ಮುಂದೆ ಹೋಯಿತು. ಅರವತ್ತೆರಡು ವರ್ಷದಲ್ಲಿ ಇಂಥ ತಪ್ಪು ನನ್ನ ಕೈಯಿಂದ ಆಗಿರಲಿಲ್ಲ. ಡ್ರೈವರ್ ಹುಡುಗ ತಟ್ಟೆ ಮುಟ್ಟದೆ ಕೆಂಪಾಗಿ ಕೂತ. ಕುಲ್ಸುನ್ ಮೂಳೆ ನೋಡಿದರು, ನನ್ನನ್ನು ನೋಡಿದರು, ಸೆರಗಿನ ಹಾಗೆ ತಲೆಬಟ್ಟೆ ಎಳೆದುಕೊಂಡರು.

"ನಮ್ಮ ಯೋಗ್ಯತೆ ಎಷ್ಟು ಅಂತ ತಿಳೀತು ಬೀಗಿತ್ತಿ. ಮಗೂ ಬಟ್ಟೆ ಕಟ್ಟಿಕೊಡಿ. ವ್ಯಾನ್ ತಿರುಗಿ ಹೋಗೋ ಹೊತ್ತಾಯ್ತು" ಅಂದರು.

ಇಂಥದ್ದಕ್ಕೆ ಹತ್ತು ವರ್ಷ ಮಾತು ಬಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಮೂಳೆ ಅದಲುಬದಲು ಮಾಡಿದರೆ ಇನ್ನೂ ಕೇಡು. ಬೇಡಿಕೊಳ್ಳಲು ನನಗೆ ನಾಲಿಗೆ ಹೊರಳಲಿಲ್ಲ. ನಿಮ್ಮಪ್ಪ ಗಡ್ಡ ಸವರುತ್ತ ಕೂತರು, ಅಂಥ ಹೊತ್ತಿಗೆ ಅವರು ಮಾಡುವುದೇ ಅಷ್ಟು.

ಆಗ ಚಿನಾರ್ ತನ್ನ ತಟ್ಟೆ ಎತ್ತಿಕೊಂಡು ಎದ್ದಳು. ಎಲೆಕೋಸಿನ ತಲೆ ಅಂದು ಕೂಡ ಅವಳ ಪಾಲಿಗೇ ಇಟ್ಟಿದ್ದೆ. ಎರಡೂ ಕೈಯಲ್ಲಿ ಹಿಡಿದು ನಡೆದು ಬಂದು ಕುಲ್ಸುನ್ ಮುಂದೆ ಬಗ್ಗಿದಳು. "ಅಜ್ಜಿ, ತಲೆ ನಿಮಗೆ. ನಮ್ಮನೇಲಿ ಇದಕ್ಕಿಂತ ದೊಡ್ಡ ಪಾಲು ಇಲ್ಲ. ಇದು ನಂದೇ, ಆದ್ರೂ ಇವತ್ತು ನೀವು ದೊಡ್ಡೋರು."

ಕುಲ್ಸುನ್‌ಗೆ ಏನೂ ಅರ್ಥವಾಗಲಿಲ್ಲ. "ಇದು ಎಲೆಕೋಸಲ್ವೇನೇ?" ಅಂದರು.

"ಹೂಂ. ತಿನ್ನದೆ ಬಿಡಬಾರ್ದು. ಅವಮಾನ."

ಡ್ರೈವರ್ ಮೊದಲು ನಕ್ಕ. ಆಮೇಲೆ ನಿಮ್ಮಪ್ಪ. ಕುಲ್ಸುನ್ ಬಾಯಿ ಬಿಗಿ ಹಿಡಿದಿದ್ದರು, ಅದು ತಾನಾಗಿ ಸಡಿಲವಾಯಿತು. ಚಾಕು ತೆಗೆದುಕೊಂಡು ಒಂದು ಚೂರು ತಿಂದರು. ಆದರೂ ಆ ಹೆಂಗಸಿನ ಕಣ್ಣಿನಲ್ಲಿ ಸಂಶಯ ಇತ್ತು, ನಾನು ಕಂಡೆ. ದಪ್ಪ ದಂಟಿನ ಸಮೇತ ಅಂಗೈಯಗಲದ ಎಲೆ ಕೊಯ್ದು, "ತಗೋ, ಕಿವಿ ಚಿಕ್ಕೋರಿಗೆ" ಅಂತ ಮಗುವಿನ ಕೈಗೆ ಕೊಟ್ಟು ನೋಡುತ್ತ ಕೂತರು. ನಿನ್ನ ಮಗಳು ಅದನ್ನು ಎರಡು ಮಡಿಕೆ ಮಾಡಿ ಬಾಯಿಗೆ ತುರುಕಿಕೊಂಡಳು. ದಂಟು ಕರುಕ್ ಕರುಕ್ ಅಂದದ್ದು ಒಲೆಯ ಹತ್ತಿರ ಕೂತ ನನಗೆ ಕೇಳಿಸಿತು. ತಿಂದು ಮುಗಿಸಿ ನನ್ನ ಕಡೆ ತಿರುಗಿ, "ಅಜ್ಜಿ, ಗಜ್ಜರಿ ಮೂಳೆ ಯಾರಿಗೂ ಬೇಡ ಅಂದ್ರೆ ನಂಗಿರಲಿ" ಅಂದಳು.

ಕುಲ್ಸುನ್ ಅವಳ ತುಟಿ ಎತ್ತಿ ವಸಡು ನೋಡಿದರು. ಕುದುರೆ ಕೊಳ್ಳುವವರ ಹಾಗೆ ಮೇಲೆ, ಕೆಳಗೆ, ಎರಡೂ ಕಡೆ. ಕೊನೆಗೆ, "ನನ್ನ ಮಗ ಇವತ್ತಿಗೂ ಎಲೆಕೋಸು ಮುಟ್ಟಲ್ಲ ಬೀಗಿತ್ತಿ. ಇದನ್ನ ಮೊದಲೇ ಯಾಕೆ ಹೇಳಿಕೊಡಲಿಲ್ಲ ನನಗೆ?" ಅಂದರು. ಕೋಟು ಇಲ್ಲೇ ಬಿಟ್ಟು ಹೋದರು. ವ್ಯಾನಿನಲ್ಲಿ ಒಬ್ಬರೇ ಹೋದರು. ಒಬ್ಬರೇ ಅಂತ ಇನ್ನೊಂದು ಸಲ ಬರೆಯುತ್ತೇನೆ, ನನಗೆ ಬರೆಯಲು ಖುಷಿಯಾಗುತ್ತದೆ. ನಾನು ದಾರಿಗೆ ಅರ್ಧ ಕುಂಬಳ ಕಟ್ಟಿಕೊಟ್ಟೆ, ಬಾಲದ ಬುಡದ ಮೂಳೆಯನ್ನೂ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ತಪ್ಪಾಯಿತು ಅಂದೆ. ಹೌದು, ನಾನೇ ಅಂದೆ, ನಿಮ್ಮಪ್ಪ ಸಾಕ್ಷಿ.

ನಿನ್ನೆ ನರ್ಸ್ ಕೂಡ ನೋಡಿದಳು. ವಸಡು ಗಟ್ಟಿಯಾಗಿದೆ ಅಂದಳು. ಹಾಗಾಗಿ ಮಗು ಇಲ್ಲೇ ಇರಬೇಕು, ಸೆಪ್ಟೆಂಬರಿಗೆ ಇಲ್ಲಿನ ಶಾಲೆಗೇ ಸೇರಬೇಕು. ಆದರೆ ಹೆತ್ತವಳು ನೀನು. ನೀನು ಹೂಂ ಅನ್ನದೆ ಮೇಷ್ಟ್ರ ಹತ್ತಿರ ಹೆಸರು ಬರೆಸುವುದಿಲ್ಲ.

ನಿನ್ನ ಅಮ್ಮ,
ಬುರುಲ್

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಆ ಮೊದಲ ದಿನ ಚಿನಾರ್ ನನಗೆ ಕೊಟ್ಟ 'ಕಣ್ಣ'ನ್ನು ನಾನು ಮೆಲ್ಲಗೆ ಬಟ್ಟಲಿನ ಅಂಚಿಗೆ ತಳ್ಳಿದೆ. ಅವಳು ನೋಡಿಬಿಟ್ಟಳು. "ನೀನು ಯಾವತ್ತೂ ತಿನ್ನಲ್ಲ ಅಜ್ಜಿ. ಎಲ್ಲರಿಗೂ ಹಾಕ್ತೀಯ, ನಿಂಗೆ ಹಾಕ್ಕೊಳಲ್ಲ" ಅಂದಳು. ನಿಜ. ಎಲೆಕೋಸಾಗಲಿ ಗಜ್ಜರಿಯಾಗಲಿ ನಾನು ಬಾಯಿಗೆ ಹಾಕಿದವಳೇ ಅಲ್ಲ, ವಾಸನೆ ಆಗುತ್ತಿರಲಿಲ್ಲ. ನೀನು ಇವಳಷ್ಟಿದ್ದಾಗ, ಗಜ್ಜರಿ ತಿನ್ನಲಿಲ್ಲ ಅಂತ ನಿನ್ನನ್ನು ಬಟ್ಟಲಿನ ಮುಂದೆ ಕೂರಿಸಿ, ಸಾರಿನ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟುವವರೆಗೂ ಏಳಲು ಬಿಡಲಿಲ್ಲ. ಬೆನ್ನಿಗೆ ಎರಡು ಬಿಟ್ಟೆ. ಆ ದಿನ ನನ್ನ ಬಟ್ಟಲಿನಲ್ಲಿ ಒಂದು ಚೂರೂ ಗಜ್ಜರಿ ಇರಲಿಲ್ಲ. ನೀನೂ ನೋಡಿರುತ್ತೀ. ಇವಳ ಹಾಗೆ ಬಾಯಿ ಬಿಟ್ಟು ಹೇಳಲಿಲ್ಲ, ನನ್ನ ಭಯಕ್ಕೆ. ಈಗ ದಿನವೂ ತಿನ್ನುತ್ತೇನೆ, ಅವಳು ಎಣಿಸುತ್ತಾಳೆ. ಅಷ್ಟೇನೂ ಕೆಟ್ಟದ್ದಲ್ಲ. ನಿನ್ನನ್ನು ಹೊಡೆಯಬಾರದಿತ್ತು. ಶಾಲೆಗೆ ಹೆಸರು ಕೊಡಲು ಈ ತಿಂಗಳ ಹದಿನೈದು ಕೊನೆಯ ದಿನ. ಹದಿನಾಲ್ಕನೇ ತಾರೀಕಿನೊಳಗೆ ನಿನ್ನ ಉತ್ತರ ಇಲ್ಲಿರಬೇಕು.