ಭಾವ ತೆಗೆದ ಆಕ್ಟೋಪಸ್ ಫೋಟೊ

ಮಾರ್ಚ್ ೧೧, ಮಂಗಳವಾರ

ಆ ಫೋಟೊದಲ್ಲಿ ಏನೋ ಮೋಸವಿದೆ. ಊಟ ಮಾಡುವಾಗಲೂ ಅದೇ ತಲೆ ಕೊರೆಯುತ್ತಿತ್ತು.

ಸಮುದ್ರದಡಿ ಕ್ಯಾಮೆರಾ ಹಿಡಿದು ತಿಂಗಳಿನಿಂದ ನಾನು ಕಾಯುತ್ತಿರುವ ಆಕ್ಟೋಪಸ್ ಅದು. ಮೊದಲ ದಿನ ಅದು ಸಂದಿಗೆ ನುಸುಳುವಾಗಲೇ ನೋಡಿದ್ದೆ, ಒಂದು ತೋಳಿನ ತುದಿ ತುಂಡಾಗಿದೆ, ಗುರುತು ತಪ್ಪುವ ಮಾತೇ ಇಲ್ಲ. ಆಮೇಲೆ ನಾನು ಹೋದಾಗಲೆಲ್ಲ ಬಂಡೆಯ ಸಂದಿಯಿಂದ ಒಂದು ಕಣ್ಣು ಬಿಟ್ಟರೆ ಬೇರೇನೂ ತೋರಿಸದು. ಅಂಥದ್ದು ಭಾವನ ಫೋಟೊದಲ್ಲಿ ಮರಳಿನ ಮೇಲೆ ಎಂಟೂ ತೋಳು ಚಾಚಿ ಆರಾಮಾಗಿ ಕೂತಿದೆ.

"ಕೋಲು ಹಾಕಿ ಎಬ್ಬಿಸಿದ್ರಾ ಭಾವ?" ಎಂದು ನಗುತ್ತಲೇ ಕೇಳಿದೆ.

"ಸುಮ್ನೆ ಕೂತಿದ್ದೆ ಕಣೋ. ಅದಾಗೇ ಬಂತು."

ಕಾಫಿ ಆರುವವರೆಗೂ ಕಾಯದ ಮನುಷ್ಯ. ಅಕ್ಕ ಬೇರೆ ಮುಸಿಮುಸಿ ನಕ್ಕಳು.

ಸಂಜೆ, ನೀರಿಗಿಳಿಯುವಾಗ ನಾವು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರ್‌ಗಳಿಗೆ ಗಾಳಿ ತುಂಬುವವನ ಬಾಯಿ ಬಿಡಿಸಿದೆ.

"ನಿಮ್ ಭಾವಂದು ಅರ್ಧ ಗಾಳಿ ಹಾಗೇ ಉಳಿದಿತ್ತು," ಅಂದ.

ಸಿಕ್ಕಿಬಿದ್ದರು ಅಂದುಕೊಂಡೆ. "ಅಷ್ಟು ಬೇಗ ಮೇಲೆ ಬಂದ್ರಾ?"

"ಬೇಗ ಎಲ್ಲಿ? ನಿಮಗಿಂತ ಜಾಸ್ತಿ ಹೊತ್ತೇ ಇದ್ರು. ನೀವೇ ಯಾವಾಗ್ಲೂ ಖಾಲಿ ಮಾಡ್ಕೊಂಡು ಬರೋದು."

ನೀರಿನಡಿ ನೆಮ್ಮದಿಯಾಗಿ ಕೂತವನಿಗೆ ಸ್ವಲ್ಪ ಉಸಿರೇ ಸಾಕು, ಗುಳ್ಳೆಯೂ ಕಡಿಮೆ ಏಳುತ್ತದೆ, ಪ್ರಾಣಿಗಳೂ ಬೆದರುವುದಿಲ್ಲ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಗಾಳಿಯವನು ಭಾವನ ಕಡೆಯವನೇ ಇರಬಹುದು. ನಾಳೆ ಆ ಬಂಡೆಯ ಹತ್ತಿರ ಕೋಲೇನಾದರೂ ಬಿದ್ದಿದೆಯಾ ಎಂದು ಹುಡುಕಬೇಕು.

ಕಣ್ಣು ಎಳೆಯುತ್ತಿದೆ, ದೀಪ ಆರಿಸಬೇಕು. ಆದರೆ ತಿಂಗಳಿಡೀ ಆ ಸಂದಿಯಿಂದ ಒಂದೇ ಕಣ್ಣು ಅಷ್ಟೊಂದು ಅನುಮಾನದಿಂದ ನೋಡುತ್ತಿದ್ದದ್ದು ಯಾರನ್ನು?