ಸಾಹುಕಾರರ ಪಕ್ಕದ ಕುರ್ಚಿ

ಹುಕ್ಕೇರಿ
೨೪ ಏಪ್ರಿಲ್ ೨೦೨೩

ತಮ್ಮಾ ಸಿದ್ರಾಯ,

ಅಕ್ಕನ ಆಶೀರ್ವಾದ. ನೀನು ಕಳಿಸಿದ ಪೇಢೆ, ಪ್ರಚಾರದ ಹಾಳೆ ಎರಡೂ ಮುಟ್ಟಿದವು. ಬರೆಯಲು ತಡವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ.

ನೀನು ಜಡ್ಜ್ ಹುದ್ದೆ ಬಿಟ್ಟು ಚುನಾವಣೆಗೆ ನಿಂತಾಗ ನಾನು ಬೇಡವೆನ್ನಲಿಲ್ಲ. ಕುಲಗೋಡದ ನಮ್ಮ ಕೇರಿಯವನೊಬ್ಬ ವಿಧಾನಸೌಧ ಹತ್ತಲಿ ಎಂಬ ಆಸೆ ನನಗೂ ಇತ್ತು. ಮೊಣಕಾಲು ನೋವಿದ್ದರೂ ಗೋಕಾಕದಲ್ಲಿ ಬಸ್ಸು ಬದಲಿಸಿ ಮೂಡಲಗಿಯ ನಿನ್ನ ಸಭೆಗೆ ಬಂದೆ. ವೇದಿಕೆಯ ಮೇಲೆ ನಿನ್ನ ಪಕ್ಕದ ಕುರ್ಚಿಯಲ್ಲಿ ಹಣಮಂತ ಸಾಹುಕಾರ! ನಿನಗೆ ರುಮಾಲು ಸುತ್ತಿ, "ಇವ್ರು ನಮ್ಮ ಮನಿಯವ್ರಿದ್ದಂಗ್ರಿ. ಟಿಕೆಟ್ ನಾನ ಕೊಡ್ಸೇನಿ" ಎಂದ. ನೀನು ನಗುತ್ತ ಕೈಮುಗಿದೆ.

ಆ ಸಾಹುಕಾರನ ಮಗ ವಿಶಾಲ ಕುಡಿದು ಜೀಪು ಓಡಿಸಿ, ನಾನು ಆಗ ಕಲಿಸುತ್ತಿದ್ದ ಶಾಲೆಯಿಂದ ಸೈಕಲ್ ಮೇಲೆ ಬರುತ್ತಿದ್ದ ನಮ್ಮ ಕೇರಿಯ ಕಾಜಲ್‌ಳನ್ನು ಕೊಂದ ಕೇಸು ನಿನ್ನ ಮುಂದೆಯೇ ನಡೆಯಿತಲ್ಲ? ಜೀಪು ಓಡಿಸಿದವನು ಅವನೇ ಎನ್ನಲು ಸಾಕ್ಷಿಯಿಲ್ಲವೆಂದು ನೀನು ಅವನನ್ನು ಬಿಟ್ಟುಬಿಟ್ಟೆ. "ಸಾಕ್ಷಿ ಇಲ್ದ ಅಂವರ ಏನ್ ಮಾಡ್ಯಾನು?" ಎಂದು ನಾನು ಮೂರು ವರ್ಷ ಇಡೀ ಕೇರಿಯ ಜೊತೆ ನಿನ್ನ ಪರವಾಗಿ ಜಗಳಾಡಿದೆ.

ಸಭೆಯಲ್ಲಿ ಕಾಜಲ್‌ಳ ಅಪ್ಪ ದುರ್ಗಪ್ಪ ನನ್ನ ಹಿಂದೆಯೇ ನಿಂತಿದ್ದ. "ತೀರ್ಪು ಯಾಕ ಹಂಗ ಬಂತು ಅಂತ ಇವತ್ತ ತಿಳೀತ್ರಿ ಟೀಚರ್" ಎಂದು ಹೊರಟುಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಾರಿನ ಬಳಿ ಬಂದು ಕೇಳಿದರೆ ನೀನು, "ಅಕ್ಕಾ, ರಾಜಕಾರಣದಾಗ ಎಲ್ಲಾರೂ ಬೇಕಾಗ್ತಾರ. ಹಳೇದು ಕೆದಕಬ್ಯಾಡ" ಎಂದೆ. ಯಾವುದಪ್ಪ ಹಳೆಯದು? ಆ ಹುಡುಗಿ ಇದ್ದಿದ್ದರೆ ಈ ಸಲ ಮೊದಲ ಓಟು ಹಾಕುತ್ತಿದ್ದಳು!

ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಆರೋಗ್ಯ ಚೆನ್ನಾಗಿರಲಿ. ಗೆಲ್ಲು ಎಂದು ಮಾತ್ರ ನನ್ನ ಬಾಯಿಂದ ಬರದು.

ಇತಿ ನಿನ್ನ ಅಕ್ಕ,
ಕೆಂಪವ್ವ

ತಾ.ಕ.: ಸಾಕ್ಷಿ ಇತ್ತು. ಅದು ನಾನೇ ಎಂದು ನಿನಗೆ ಗೊತ್ತಿತ್ತು. ರಸ್ತೆಯಲ್ಲಿ ಕಾಜಲ್‌ಳ ತಲೆ ನನ್ನ ಮಡಿಲಲ್ಲಿದ್ದಾಗ, "ವಿಶಾಲನ ಓಡಸಾಕತ್ತಿದ್ದಾ ಟೀಚರ್" ಎಂದಿದ್ದಳು. ಸಂಜೆಯೇ ನಿನಗೆ ಫೋನ್ ಮಾಡಿದೆ. ನೀನು, "ಈ ಕೇಸ್ ನನ್ನ ಮುಂದನ ಬರತೈತಿ. ಅಕ್ಕನ ಸಾಕ್ಷಿ ಆದ್ರ ಬ್ಯಾರೆ ಜಡ್ಜ್ ಕಡೆ ಹೋಗತೈತಿ. ನೀ ಸುಮ್ಮನಿರು, ನ್ಯಾಯ ನಾ ಕೊಡ್ತೇನಿ" ಎಂದೆ. ನಾನು ನಂಬಿದೆ. ಪೊಲೀಸರಿಗೂ ಬಾಯಿ ಬಿಡಲಿಲ್ಲ. ನೀನು ಅವನನ್ನು ಬಿಟ್ಟಾಗಲೂ, ಕಾನೂನಿನ ಅಡ್ಡಿ ಏನೋ ಇದ್ದೀತೆಂದು ನಿನ್ನ ಮೇಲಿನ ನಂಬಿಕೆ ಬಿಡಲಿಲ್ಲ.

ಇವತ್ತು ಮುಂಜಾನೆ ಕುಲಗೋಡಕ್ಕೆ, ದುರ್ಗಪ್ಪನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನಾಳೆ ಅವರ ವಕೀಲರಿಗೆ ಬರೆದು ಕೊಡುತ್ತೇನೆ. ನಾನು ಹೇಳಿದ್ದು ಕೇಳಿ ದುರ್ಗಪ್ಪ ಎದ್ದು ಹೊರಗೆ ಹೋದ. ಅವನ ಹೆಂಡತಿ ಪಾರವ್ವ ನಿನ್ನ ಹೆಸರನ್ನೇ ಎತ್ತಲಿಲ್ಲ. ನನ್ನ ಕೈ ಹಿಡಿದು, "ನಮ್ಮ ಕೂಸು ಕಡೀಕ ಮಾತಾಡಿತ್ತೇನ್ರಿ? ಅದನ್ನರ ನನಗ ಹೇಳಬಾರದಿತ್ತೇನ್ರಿ?" ಎಂದಳು.