ಕ್ವೆಶ್ಚನ್ ಬ್ಯಾಂಕಿಗೆ ಒಬ್ಬ ಇನ್‌ಸ್ಪೆಕ್ಟರ್

5 ಜನವರಿ 2004, ಸೋಮವಾರ, ಬೆಳಿಗ್ಗೆ

ಮತ್ತೆ ಫಾರ್ಮಕಾಲಜಿ. ಕೆಂಪು ಪುಸ್ತಕದ ನೂರು ಪ್ರಶ್ನೆ. ಪೆನ್ಸಿಲಿನಲ್ಲಿ ಟಿಕ್ ಹಾಕುವುದು, ಹಿಂದಿನ ಪುಟ ತಿರುವಿ ಉತ್ತರ ನೋಡುವುದು. ಅರವತ್ತೆರಡು ಸರಿ. ಐವತ್ತು ಬಂದರೆ ಪಾಸು. ಆದರೆ ಈ ಪುಸ್ತಕವನ್ನು ನಂಬುವ ಹಾಗಿಲ್ಲ. ಹೋದ ಸೆಪ್ಟೆಂಬರಿನಲ್ಲೂ ಇಷ್ಟೇ ಮಾರ್ಕ್ಸ್ ಕೊಟ್ಟು, ಬೆನ್ನು ತಟ್ಟಿ ದಿಲ್ಲಿಗೆ ಕಳಿಸಿತ್ತು. ಅಲ್ಲಿ ವೇಳೆ ಸಾಲದೆ ಕೊನೆಯ ನಲವತ್ತು ಪ್ರಶ್ನೆ ಓದಲೇ ಇಲ್ಲ. ಫೇಲು.

ರಷ್ಯಾದಲ್ಲಿ ಆರು ವರ್ಷ ಓದಿದೆ. ಡಿಗ್ರಿ ಇದೆ, ಅವ್ವ ಅದನ್ನು ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದಾಳೆ. ಆದರೆ ಹೊರದೇಶದಲ್ಲಿ ಓದಿದವರು ಈ ಸ್ಕ್ರೀನಿಂಗ್ ಟೆಸ್ಟ್ ಪಾಸಾಗದೆ ಇಲ್ಲಿ ಲೈಸೆನ್ಸ್ ಇಲ್ಲ. ಒಂದು ಜ್ವರದ ಗುಳಿಗೆ ಬರೆದುಕೊಡುವ ಹಕ್ಕಿಲ್ಲ. ಪಕ್ಕದ ಮನೆಯವರು 'ಡಾಕ್ಟರ್ ಬೇಟಿ' ಅಂದರೆ ನಾನು ಒಳಗೆ ಹೋಗಿಬಿಡುತ್ತೇನೆ. ಮಾರ್ಚ್ ಕೊನೆಗೆ ಮುಂದಿನ ಪರೀಕ್ಷೆ. ಈ ಸಲವೂ ಹೋದರೆ... ಬೇಡ, ಅದನ್ನು ಬರೆಯುವುದಿಲ್ಲ.

ಕೆಂಪು ಪುಸ್ತಕದ ಅರ್ಧ ಉತ್ತರ ಬಾಯಿಪಾಠವಾಗಿದೆ. ಬೇರೆ ಪುಸ್ತಕ ಬೇಕು.

11 ಜನವರಿ, ಭಾನುವಾರ

ಅಪ್ಪನ ಜೊತೆ ಮೆಡಿಕಲ್ ಚೌಕದ ಅಂಗಡಿ. ಯಾವ ಕ್ವೆಶ್ಚನ್ ಬ್ಯಾಂಕ್ ಬೇಕು ಅಂದರೆ ಅಂಗಡಿಯವ ಏಳು ಪುಸ್ತಕ ಮೇಜಿನ ಮೇಲೆ ಒಟ್ಟಿದ. ಎಲ್ಲದಕ್ಕೂ 'ಬೆಸ್ಟ್ ಹೈ ಮ್ಯಾಡಂ' ಒಂದೇ ಮಾತು. ಅಪ್ಪ ಒಂದೊಂದನ್ನೂ ತೆಗೆದು ಬೆಲೆ ನೋಡಲಿಲ್ಲ, ಮುದ್ರಣದ ತಪ್ಪು ಹುಡುಕಿದರು. ಮೂವತ್ತು ವರ್ಷದ ಬ್ಯಾಂಕ್ ನೌಕರಿ, ಅದರಲ್ಲಿ ಅರ್ಧ ಇನ್‌ಸ್ಪೆಕ್ಷನ್. ಹಿಂದಿ-ಮರಾಠಿ ಮಾತಿನ ಈ ಊರಿಗೆ ವರ್ಗವಾಗಿ, ಗಾಂಧಿಬಾಗ್ ಬ್ರಾಂಚಿಗೆ ಬಂದ ಮೇಲೂ ಆ ಚಟ ಹೋಗಿಲ್ಲ.

ಕೊನೆಗೆ ಅಭಯನಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಅಭಯ ನನ್ನ ಕ್ಲಾಸ್‌ಮೇಟ್, ಅದೇ ಹಾಸ್ಟೆಲಿನ ಎಲೆಕೋಸಿನ ಸಾರು ಉಂಡವನು, ಪಕ್ಕದ ಕಾಮಠಿಯವನು, ನಮ್ಮ ಹಾಗೆ ಕನ್ನಡದ ಮನೆಯವನು. ಅವನೂ ಇದೇ ಪರೀಕ್ಷೆಗೆ ಕೂತವನು, ಇದೇ ರೀತಿ ಬಿದ್ದವನು.

"ನೀಲಿ ಬುಕ್ ತಗೋ," ಅಂದ. "ಪರೀಕ್ಷಾದಾಗ ಬಂದದ್ದೆಲ್ಲಾ ಅದರಾಗ ಐತಿ. ಆದ್ರ ಸುಮ್ನ ಓದಬ್ಯಾಡ. ಓದಿದಿ ಅಂದ್ರ ಮುಗೀತು, ಮತ್ತ ನಿನಗ ಎಷ್ಟ ಬರ್ತೈತಿ ಅಂತ ಅದರಿಂದ ತಿಳಿಯಂಗಿಲ್ಲ. ಟೈಮ್ ಹಚ್ಚಿ ಮಾಡು. ಉತ್ತರ ನೋಡಬ್ಯಾಡ."

ನೀಲಿ ಪುಸ್ತಕ ತಂದೆವು. ಬರುವಾಗ ತರ್ರಿ ಪೋಹಾ, ಕೆಂಪು ಖಾರದ ಸಾರು ಸುರಿದ ಅವಲಕ್ಕಿ. ಅಪ್ಪನಿಗೆ ಖಾರಕ್ಕೆ ಕಣ್ಣೀರು ಬಂತು, ಆದರೂ ಇನ್ನೊಂದು ಪ್ಲೇಟ್ ತಗೊಂಡರು.

15 ಜನವರಿ, ಗುರುವಾರ, ಸಂಕ್ರಾಂತಿ

ಎಳ್ಳು ಬೀರಲು ಬಂದ ಹೆಂಗಸರ ಮುಂದೆ ಅಪ್ಪನ ಅವ್ವ ಗಂಗೂಬಾಯಿ ಅಜ್ಜಿಯ ಭಾಷಣ: "ನಮ್ಮ ರಾಗಿಣಿಗೆ ಹೊಸಾ ಬ್ಯಾಂಕ್ ಸಿಕ್ಕದ. ಮನೀ ಒಳಗ ಕೂತು ಮಾಡೂ ಕೆಲಸ." ಅವರೆಲ್ಲ ನನಗೆ ಅಭಿನಂದನೆ ಹೇಳಿದರು. ಒಬ್ಬಾಕೆ ಲೋನ್ ಸಿಗುತ್ತದಾ ಅಂತಲೂ ಕೇಳಿದಳು. ಅವ್ವ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಯಾರೂ ತಿದ್ದಲಿಲ್ಲ.

ಸಂಜೆ ಅಪ್ಪ ನಿಯಮ ಮಾಡಿದರು. ದಿನಾ ಕೆಂಪು ಪುಸ್ತಕ, ಟಿಕ್ ಹಾಕಿ ರೂಢಿಗೆ. ನೀಲಿ ಪುಸ್ತಕ ಭಾನುವಾರ ಮಾತ್ರ, ಪರೀಕ್ಷೆಯ ವೇಳೆಗೇ, ಗಡಿಯಾರ ಹಚ್ಚಿ. ಅದರಲ್ಲಿ ಪೆನ್ಸಿಲ್ ತಾಗಬಾರದು, ಮಾರ್ಚಿನಲ್ಲಿ ಇನ್ನೊಮ್ಮೆ ಮಾಡಬೇಕು. ಉತ್ತರ ಬೇರೆ ಹಾಳೆಯಲ್ಲಿ. ಚೆಕಿಂಗ್ ಅವರದು.

"ನಾನ ಚೆಕ್ ಮಾಡ್ಕೋತೀನಿ ಅಪ್ಪಾ."

"ವೌಚರ್ ಬರದವರ ಅದನ್ನ ಪಾಸ್ ಮಾಡ್ಲಿಕ್ಕೆ ಬರೂದಿಲ್ಲ. ಬ್ಯಾಂಕ್ ಅಂದ ಮ್ಯಾಲೆ ಬ್ಯಾಂಕಿನ ರೂಲು."

ನೀಲಿ ಪುಸ್ತಕದ ಉತ್ತರದ ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿ ತಮ್ಮ ಬ್ರೀಫ್‌ಕೇಸಿನಲ್ಲಿ ಇಟ್ಟು ಬೀಗ ಹಾಕಿದರು. ನನಗೆ ಟೋಟಲ್ ಮಾತ್ರ ಹೇಳುತ್ತಾರಂತೆ. ಯಾವುದು ತಪ್ಪು ಅಂತ ಗೊತ್ತಾದರೆ ಬಾಯಿಪಾಠ ಮಾಡಿಬಿಡುತ್ತೀ ಅಂದರು. ಮಾಡಿಬಿಡುತ್ತೇನೆ, ಸುಳ್ಳಲ್ಲ.

1 ಫೆಬ್ರವರಿ, ಭಾನುವಾರ

ಮೊದಲ ಟೈಮ್ಡ್ ಸೆಟ್. ಅಪ್ಪ ಎದುರಿಗೆ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ. ಅಜ್ಜಿ ಬಾಗಿಲಲ್ಲಿ ಕೂತು ಅವರೆ ಸುಲಿಯುತ್ತ, ಐದೈದು ನಿಮಿಷಕ್ಕೆ "ಇನ್ನ ಅರ್ಧಾ ತಾಸು ಉಳೀತ ನೋಡು". ಅಜ್ಜಿಯ ಅರ್ಧ ತಾಸು ಮುಗಿಯುವುದೇ ಇಲ್ಲ.

ಆದರೆ ಮುಗಿಸಿದೆ. ನೂರಕ್ಕೆ ನೂರೂ. ಒಂದೂ ಬಿಡಲಿಲ್ಲ. ಖುಷಿಯೋ ಖುಷಿ.

ಮಧ್ಯಾಹ್ನ ಅಪ್ಪ ಹೇಳಿದರು: ನಲವತ್ತೇಳು.

ಇರಲಿ. ಮೊದಲನೆಯದು.

8 ಫೆಬ್ರವರಿ, ಭಾನುವಾರ

ನಲವತ್ತಮೂರು. ಈ ಸಲ ಬೇಗ ಮುಗಿಸಿದ್ದೆ.

ಕೆಂಪು ಪುಸ್ತಕದಲ್ಲಿ ನಿನ್ನೆ ಅರವತ್ತೈದು. ಅಂದರೆ ಗಡಿಯಾರ ಕಂಡರೆ ನನ್ನ ಬುದ್ಧಿ ಓಡಿಹೋಗುತ್ತದೆ ಅಂತ ಆಯಿತು.

15 ಫೆಬ್ರವರಿ, ಭಾನುವಾರ

ಮೂವತ್ತೆಂಟು.

ಇನ್ನೂ ಬೇಗ ಮಾಡಿದ್ದೆ. ಬರೆಯುವಾಗ ಎಲ್ಲ ಗೊತ್ತು ಅನಿಸಿತ್ತು. ಗೊತ್ತು ಅನಿಸುವುದೇ ಹೀಗಾದರೆ, ನಾಳೆ ರೋಗಿಯ ಎದುರು ಕೂತು ಏನು ಮಾಡಲಿ?

ತನ್ನ ಶಾಲೆಯ ಪೇಪರು ತಿದ್ದುತ್ತಿದ್ದ ಅವ್ವ ಎದ್ದು ಹೋಗಿ ಶಿರಾ ಮಾಡಿದಳು. ಅವಳ ಶಿರಾ ತಿಂದರೆ ಅಳು ಬರುತ್ತದೆ, ಬಂತು.

22 ಫೆಬ್ರವರಿ, ಭಾನುವಾರ, ಮಧ್ಯಾಹ್ನ

ಮೂವತ್ತಾರು.

ಅಪ್ಪನಿಗೆ ಹೇಳಿಬಿಟ್ಟೆ, ದಿಲ್ಲಿ ಟಿಕೆಟ್ ಕ್ಯಾನ್ಸಲ್ ಮಾಡಿಸಿರಿ, ಈ ಸಲ ಕೂರುವುದಿಲ್ಲ. ಸೆಪ್ಟೆಂಬರಿಗೆ ನೋಡೋಣ. ಇನ್ನೊಮ್ಮೆ ಬಿದ್ದು ಬಂದು ಈ ಓಣಿಯಲ್ಲಿ ನಡೆಯುವ ಧೈರ್ಯ ನನಗಿಲ್ಲ. ಇಪ್ಪತ್ತಾರು ವರ್ಷ. ಅಪ್ಪ ಪಿಎಫ್ ಮುರಿದು ಓದಿಸಿದ್ದಾರೆ. ಯಾವ ಮುಖ ಇಟ್ಟುಕೊಂಡು...

ಅಪ್ಪ ಹಾಳೆಯನ್ನು ಬ್ರೀಫ್‌ಕೇಸಿಗೆ ಹಾಕಿ ಬೀಗ ತಿರುವಿದರು. "ನಾಳೆ ಮಾಡಸ್ತೀನಿ," ಅಂದರು.

25 ಫೆಬ್ರವರಿ

ಮಾಡಿಸಿಲ್ಲ. ದಿನಾ "ನಾಳೆ" ಅನ್ನುತ್ತಾರೆ. ಟಿಕೆಟ್ ಕೌಂಟರಿನಲ್ಲಿ ಗದ್ದಲವಂತೆ.

29 ಫೆಬ್ರವರಿ, ಭಾನುವಾರ

ನಗು ಇನ್ನೂ ನಿಂತಿಲ್ಲ. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಅಭಯ ಸರ್ಜರಿ ಪುಸ್ತಕ ಮರಳಿಸಲು ಬಂದ. (ಅಜ್ಜಿ: "ಒಂದೊಂದ ಪುಸ್ತಕಾ ಒಂದೊಂದ ಸಲ ತರ್ತಾನ. ಕಾಮಠಿ ಬಸ್ಸಿನವರಿಗೆ ಚಲೋ ಗಿರಾಕಿ.") ನಾನು ರೂಮಿನಿಂದ ಹೊರಗೆ ಬರಲಿಲ್ಲ. ಅಪ್ಪ ಅವನನ್ನು ಕೂರಿಸಿಕೊಂಡು, ದನಿ ಇಳಿಸಿ, "ನೀನರ ನೋಡಪಾ, ಇಕಿ ಎಲ್ಲಿ ತಪ್ಪಲಿಕ್ಕತ್ತಾಳ ಹೇಳು," ಅಂತ ನನ್ನ ಮೂವತ್ತಾರರ ಹಾಳೆ, ಉತ್ತರದ ಪುಟ ಎರಡನ್ನೂ ಅವನ ಕೈಗೆ ಕೊಟ್ಟರು. ಬಾಗಿಲ ಸಂದಿಯಿಂದ ಎಲ್ಲ ಕೇಳಿಸುತ್ತಿತ್ತು. ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಅಭಯನ ದನಿ. "ಕಾಕಾ, ಇಲ್ಲೆ ಬರೋಬರ್ ಐತಲ್ರಿ. ನೀವ್ಯಾಕ ಕಾಟ್ ಹೊಡದೀರಿ?"

"ಎಲ್ಲಿ ಬರೋಬರ್? ಉತ್ತರ ಸಿ ಅದ. ಇಕಿ ಬಿ ಬರದಾಳ."

"ಬಿ ಎಲ್ಲೈತ್ರಿ? ವೇ ಬರದಾಳ."

"ಏನು ಬರದಾಳ?"

"ವೇ. ಮೂರನೇದು. ಸಿ ಅಂದ್ರೂ ಮೂರನೇದು. ಬರೋಬರ್ ಐತಿ."

ನಾನು ಹೊರಗೆ ಓಡಿ ಬಂದೆ. ಹಾಳೆ ಕಸಿದುಕೊಂಡು ನೋಡಿದೆ. ನನಗೂ ಅದು ವೇ ಅಂತಲೇ ಕಂಡಿತು. ಅಪ್ಪನ ಬೆರಳು ಅದರ ಮೇಲೆ: "ಕಣ್ಣು ಅದಾವೋ ಇಲ್ಲೋ ನಿಮಗ? ಬಿ ಅದ. ಇಂಗ್ಲಿಷ್ ಬಿ."

ಆಗ ಹೊಳೆಯಿತು. ರಷ್ಯನ್ನರ ಆಯ್ಕೆಗಳು ಎಬಿಸಿಡಿ ಅಲ್ಲ — ಆ, ಬೇ, ವೇ, ಗೇ. ಮೂರನೆಯ ವೇ ಬರೆಯುವುದು ಥೇಟ್ ಇಂಗ್ಲಿಷ್ ಬಿ. ಎರಡನೆಯ ಬೇ ಅವಸರದಲ್ಲಿ 6ರಂತೆ ಕಾಣುತ್ತದೆ. ನಾಲ್ಕನೆಯ ಗೇ ಸಣ್ಣ ಆರ್‌ನಂತೆ. ಆರು ವರ್ಷ ಪ್ರತಿ ಟೆಸ್ಟಿನಲ್ಲಿ ಹಾಗೇ ಬರೆದ ಕೈ. ಗಡಿಯಾರ ಹಚ್ಚಿದ ತಕ್ಷಣ ಕೈ ತನ್ನಷ್ಟಕ್ಕೆ ರಷ್ಯಾಕ್ಕೆ ಹೋಗಿಬಿಟ್ಟಿದೆ. ನನಗೆ ಸುದ್ದಿಯೇ ಇಲ್ಲ. ಹಾಳೆಯ ಮೊದಲ ಇಪ್ಪತ್ತು ಉತ್ತರ ಇಂಗ್ಲಿಷ್, ಕೆಳಗೆ ಎಲ್ಲ ರಷ್ಯನ್. ಬೇಗ ಮಾಡಿದಷ್ಟೂ ರಷ್ಯನ್ ಜಾಸ್ತಿ, ಮಾರ್ಕ್ಸ್ ಕಡಿಮೆ. ಕೆಂಪು ಪುಸ್ತಕದಲ್ಲಿ ಬರೀ ಟಿಕ್, ಅಲ್ಲಿ ಅಕ್ಷರದ ಪ್ರಶ್ನೆಯೇ ಇಲ್ಲ.

"ಮತ್ತ ಈ ಆರ್ ಕಂಡಾಗ ನೀವು ಏನ ತಿಳಕೊಂಡ್ರಿ ಅಪ್ಪಾ?"

"ಆರ್ ಅಂದ್ರ ರಿವಿಜನ್ ಅಂತ. ಆಮ್ಯಾಲೆ ನೋಡೋಣು ಅಂತ ಬಿಟ್ಟಿರಬೇಕು ಅಂತ ಸೊನ್ನಿ ಕೊಟ್ಟೆ."

"6?"

"ಅದಕ್ಕ ಬಿ ಅಂತ ಮಾರ್ಕ್ಸ್ ಕೊಟ್ಟೀನಲ್ಲ. ಅವಸರದಾಗ ಹೊಟ್ಟಿ ಒಂದ ಹಾಕಿ ಬಿಟ್ಟಾಳ ಅಂತ. ಅಷ್ಟ ಉದಾರ ಆಗೀನಿ."

ಅಭಯ ಸೋಫಾದಿಂದ ಕೆಳಗೆ ಜಾರಿ ನೆಲದ ಮೇಲೆ ಕೂತು ನಕ್ಕ. ಅವ್ವ ಓಡಿ ಬಂದಳು. ಅಜ್ಜಿಗೆ ಏನೂ ಅರ್ಥವಾಗದೆ ಎಲ್ಲರಿಗಿಂತ ಜಾಸ್ತಿ ನಕ್ಕಳು.

ಅಪ್ಪ ನಗಲಿಲ್ಲ. ಬ್ರೀಫ್‌ಕೇಸ್ ತೆರೆದು ನಾಲ್ಕೂ ಹಾಳೆ ತೆಗೆದರು. ಅಭಯನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದೇ ಅಕ್ಷರ ಕೇಳಿ, ಹಸಿರು ಪೆನ್ನಿನಲ್ಲಿ ತಿದ್ದಿದರು. ಅಡುಗೆ ಆರಿಹೋಯಿತು, ಯಾರೂ ಏಳಲಿಲ್ಲ. ಮೂವತ್ತಾರು ಅರವತ್ತೇಳಾಯಿತು. ಮೂವತ್ತೆಂಟು ಅರವತ್ತನಾಲ್ಕು.

ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. "ನಾಲ್ಕು ವಾರ ನಿನ್ನ ಹೊಟ್ಟೀ ಉರಿಸಿದೆ ನೋಡು," ಅಂದರು. ನಾನು ಅವರ ಭುಜಕ್ಕೆ ಒರಗಿ ಅತ್ತೆ. ಖುಷಿಗೇ ಅತ್ತೆ. ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತೇನೋ, ಒಂದಿಷ್ಟೂ ಬರಲಿಲ್ಲ.

ಟಿಕೆಟ್ ಏನಾಯಿತು ಅಂತ ಕೇಳಿದೆ. ಕ್ಯಾನ್ಸಲ್ ಕೌಂಟರಿಗೆ ಹೋಗಿಯೇ ಇರಲಿಲ್ಲವಂತೆ.

7 ಮಾರ್ಚ್, ಭಾನುವಾರ

ಇವತ್ತು ಎಬಿಸಿಡಿ ಅಂತಲೇ ಬರೆಯಲು ಹೋದೆ. ಪ್ರತಿ ಸಲ ಕೈ ತಡೆದು, ನೆನಪಿಸಿ, ಬರೆದು... ಹದಿನೈದು ಪ್ರಶ್ನೆ ಉಳಿದುಬಿಟ್ಟವು. ಅಪ್ಪ ಹಾಳೆ ನೋಡಿ ತಲೆ ಅಲ್ಲಾಡಿಸಿದರು.

"ನೀ ನಿನ್ನ ರಷ್ಯನ್‌ದಾಗ ಬರಿ. ನಾ ಕಲೀತೀನಿ."

ಖರೇನೇ ಕಲಿತರು. ಗಾಂಧಿಬಾಗಿನಿಂದ ಬರುವಾಗ ಬಸ್ಸಿನಲ್ಲಿ ಆ-ಬೇ-ವೇ-ಗೇ ಅಂತ ಬಾಯಲ್ಲೇ ಹೇಳಿಕೊಳ್ಳುತ್ತಾರಂತೆ. ನಿನ್ನೆ ಊಟಕ್ಕೆ ಕೂತಾಗ ಹುಳಿ ಚೆನ್ನಾಗಿದೆ ಅನ್ನುವುದಕ್ಕೆ "ಖರಶೋ" ಅಂದರು. ಅಭಯ ಕಲಿಸಿದ್ದು.

ಅಜ್ಜಿ: "ಖರಶೋ ಅಂದ್ರ ಖರೇನ?"

"ಚಲೋ ಅದ ಅಂತ."

"ಹಂಗಿದ್ರ ಚಲೋ ಅದ ಅನ್ನು. ಹುಳಿ ಮಾಡಿದಾಕಿಗೂ ತಿಳೀಬೇಕಲ್ಲ."

21 ಮಾರ್ಚ್, ಭಾನುವಾರ, ಯುಗಾದಿ

ಬೇವು ತಿಂದು ಕೊನೆಯ ಸೆಟ್‌ಗೆ ಕೂತೆ. ನೀಲಿ ಪುಸ್ತಕ ಎರಡನೇ ಸಲ. ಪುಟಗಳು ಇನ್ನೂ ಹೊಸದರಂತೆ. ಯಾವ ಉತ್ತರವೂ ನೆನಪಿನಿಂದ ಬರಲಿಲ್ಲ, ಎಲ್ಲ ವಿಚಾರ ಮಾಡಿಯೇ ಬಂದವು. ಅಭಯನ ಮಾತು, ಅಪ್ಪನ ಬೀಗ, ಎರಡೂ ಸಾರ್ಥಕ.

ಎಪ್ಪತ್ತೊಂದು. ವೇಳೆ ಉಳಿದಿತ್ತು.

ಅಪ್ಪ ಹಾಳೆಯ ಕೆಳಗೆ ಸಹಿ ಮಾಡಿ, ತಾರೀಖು ಹಾಕಿ, 'ಪಾಸ್ಡ್' ಅಂತ ಬರೆದರು. ನಗಬೇಕೋ ನಮಸ್ಕಾರ ಮಾಡಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

29 ಮಾರ್ಚ್, ವಾಪಸ್ ಬರುವ ರೈಲಿನಲ್ಲಿ

ಇಟಾರ್ಸಿ ದಾಟಿತು. ಅಕ್ಷರ ಅಲುಗುತ್ತಿವೆ.

ಪರೀಕ್ಷೆಯಲ್ಲಿ ಅಕ್ಷರ ಬರೆಯುವ ಗೊಡವೆಯೇ ಇರಲಿಲ್ಲ, ವೃತ್ತ ತುಂಬುವುದಷ್ಟೇ. ಪ್ರಶ್ನೆ ಓದುವುದು, ಮೂರನೆಯದೋ ನಾಲ್ಕನೆಯದೋ ಎಣಿಸುವುದು, ಪೆನ್ಸಿಲ್ ಒತ್ತುವುದು. ಮಧ್ಯಾಹ್ನದ ಪೇಪರಿನಲ್ಲಿ ಎಲ್ಲ ಮುಗಿದ ಮೇಲೂ ವೇಳೆ ಉಳಿಯಿತು. ಕಿಟಕಿಯ ಹೊರಗೆ ನೋಡುತ್ತ ಕೂತೆ. ಇದೇ ಊರಿನಲ್ಲಿ ಹೋದ ಸಲ ನಲವತ್ತು ಪ್ರಶ್ನೆ ಬಿಟ್ಟು ಎದ್ದಿದ್ದೆ ಅಂದರೆ ನಂಬಿಕೆ ಬರಲಿಲ್ಲ.

ಅಭಯ ಎದುರಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದಾನೆ. ಚೆನ್ನಾಗಿ ಮಾಡಿದ್ದೇನೆ ಅಂದೇ ಮಲಗಿದ. ನಾನೂ ಚೆನ್ನಾಗಿ ಮಾಡಿದೆ. ಹಾಗಂತ ಮೊದಲ ಸಲ ಬರೆಯುತ್ತಿದ್ದೇನೆ.

20 ಏಪ್ರಿಲ್

ರಿಸಲ್ಟ್ ಇಲ್ಲ. ಬಿಸಿಲು. ಕೂಲರಿಗೆ ನೀರು ತುಂಬುವುದೇ ನನ್ನ ಪ್ರಾಕ್ಟೀಸು.

30 ಏಪ್ರಿಲ್, ಶುಕ್ರವಾರ, ಮಧ್ಯಾಹ್ನ

ರಿಸಲ್ಟ್ ಬಂದಿದೆ ಅಂತ ಅಭಯ ಫೋನ್ ಮಾಡಿದ. ತನ್ನದನ್ನು ಇನ್ನೂ ನೋಡಿಲ್ಲ, ಒಬ್ಬನೇ ನೋಡುವ ಧೈರ್ಯವಿಲ್ಲ ಅಂದ. ಧರಂಪೇಟೆಯ ಸೈಬರ್ ಕೆಫೆಗೆ ಬಾ ಅಂದೆ. ಅವ್ವ ಶಾಲೆಗೆ ರಜೆ ಹಾಕಿ ಬಂದಳು. ಪುಟ ಮೇಲಿಂದ ಕೆಳಗೆ ಒಂದೊಂದೇ ಗೆರೆ ಇಳಿಯಿತು. ಅವ್ವ ನನ್ನ ಕೈಬಳೆ ಒತ್ತಿ ಹಿಡಿದಿದ್ದಳು, ಗುರುತು ಇನ್ನೂ ಇದೆ.

ನನ್ನ ನಂಬರು. ಪಾಸ್.

ಅಭಯನ ನಂಬರು. ಪಾಸ್.

ಅವ್ವ ಇಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡಳು. ಕೆಫೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಅಭಯ ಹೊರಗೆ ಹೋಗಿ ಮೂರು ಗ್ಲಾಸ್ ಕಬ್ಬಿನ ಹಾಲು ತಂದ.

ಪಕ್ಕದ ಬೂತಿನಿಂದ ಅಪ್ಪನ ಬ್ರಾಂಚಿಗೆ ಫೋನ್ ಹಚ್ಚಿದೆ. ಎತ್ತಿದವರು ಯಾರೋ ಹೊಸಬರು. "ಕೌನ್ ಬೋಲ್ ರಹಾ ಹೈ?"

ಯಾವಾಗಲೂ 'ಲಕ್ಷ್ಮೀಕಾಂತ್ ಸಾಹಬ್ ಕೀ ಬೇಟಿ' ಅನ್ನುತ್ತೇನೆ. ಇವತ್ತು ಬಾಯಿ ತೆರೆದೆ, ಬೇರೆ ಮಾತು ಬಂತು. "ಡಾಕ್ಟರ್ ರಾಗಿಣಿ."

ಅಪ್ಪ ಬಂದರು. "ಯಾರ್ರೀ?"

"ಡಾಕ್ಟರ್ ರಾಗಿಣಿ ಮಾತಾಡ್ತೀನ್ರಿ."

ಆ ಕಡೆ ನೋಟು ಎಣಿಸುವ ಸದ್ದು, ಗಿರಾಕಿಗಳ ಗದ್ದಲ.

"ಕೇಳಸ್ಲಿಲ್ಲ. ಇನ್ನೊಮ್ಮೆ ಹೇಳು."

ಹೇಳಿದೆ.

"ಇನ್ನೊಮ್ಮೆ."

ಹೇಳಿದೆ. ಮೂರನೇ ಸಲ "ಇನ್ನೊಮ್ಮೆ" ಅಂದಾಗ ತಿಳಿಯಿತು, ಲೈನು ಸರಿಯಾಗೇ ಇದೆ. ಬೂತಿನ ಮೀಟರ್ ಓಡುತ್ತಿತ್ತು, ಅವ್ವ ಗಾಜು ತಟ್ಟುತ್ತಿದ್ದಳು, ನಾನು ಹೇಳುತ್ತಲೇ ಇದ್ದೆ.